ಕೈ ನಡುಗಿದರೆ ಮದ್ದಿನ ಡಬ್ಬಿಯನ್ನೂ ನೋಡಿ

ಕೈ ನಡುಗತೊಡಗಿತೆಂದರೆ ನಮ್ಮ ಮನೆಗಳಲ್ಲಿ ಅದಕ್ಕೆ ಮೂರು ಕಾರಣಗಳು ಸಿದ್ಧವಾಗಿರುತ್ತವೆ. ಒಂದು ಪ್ರಾಯ, ಇನ್ನೊಂದು ನರದ ನಿಶ್ಶಕ್ತಿ, ಮತ್ತೊಂದು ಮನಸ್ಸಿನ ಹೆದರಿಕೆ. ಎಪ್ಪತ್ತು ಕಳೆದವರಾದರೆ ‘ಇನ್ನೇನು, ಪ್ರಾಯವಾಯಿತಲ್ಲ’ ಎಂದು ಸುಮ್ಮನಾಗುತ್ತೇವೆ. ನಡುಪ್ರಾಯದವರಾದರೆ ಪೇಟೆಯಿಂದ ಟಾನಿಕ್ಕಿನ ಬಾಟಲಿ ತರಿಸುತ್ತೇವೆ. ಎಳೆಯರಾದರೆ ಧೈರ್ಯ ಸಾಲದೆಂದು ಬುದ್ಧಿ ಹೇಳುತ್ತೇವೆ. ನಾಲ್ಕನೆಯ ಕಾರಣವೊಂದು ಮನೆಯ ಕಪಾಟಿನಲ್ಲಿಯೇ, ಮದ್ದಿನ ಡಬ್ಬಿಯೊಳಗೆ, ಇದ್ದೀತೆಂಬುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ರೋಗ ವಾಸಿಯಾಗಲೆಂದು ತೆಗೆದುಕೊಳ್ಳುವ ಮದ್ದೇ ಕೈಯನ್ನು ನಡುಗಿಸುವುದುಂಟು. ಉಬ್ಬಸದ ಮದ್ದು, ಸಕ್ಕರೆ ಕಾಯಿಲೆಯ ಮದ್ದು, ಫಿಟ್ಸಿನ ಮದ್ದು, ಮನಸ್ಸಿನ ಕಾಯಿಲೆಯ ಮದ್ದು, ಅಷ್ಟೇಕೆ, ನಾವು ಮದ್ದೆಂದೇ ಲೆಕ್ಕಕ್ಕೆ ಹಿಡಿಯದ ಗ್ಯಾಸ್ಟ್ರಿಕ್ಕಿನ ಮಾತ್ರೆ, ತಲೆತಿರುಗಿನ ಮಾತ್ರೆ ಇವೂ ಆ ಪಟ್ಟಿಯಲ್ಲಿವೆ. ಇದನ್ನು ಸಣ್ಣ ತೊಂದರೆಯೆಂದು ತಳ್ಳಿಬಿಡುವಂತಿಲ್ಲ. ಬೀಡಿ ಕಟ್ಟುವವರಿಗೆ, ಅಡಿಕೆ ಸುಲಿಯುವವರಿಗೆ, ಮಲ್ಲಿಗೆ ಕಟ್ಟುವವರಿಗೆ ಕೈಯೇ ಅನ್ನದ ದಾರಿ. ನಿವೃತ್ತ ಮೇಷ್ಟ್ರಿಗೆ ಸಹಿ ತಾಳೆಯಾಗದೆ ಬ್ಯಾಂಕಿನಿಂದ ಬರಿಗೈಯಲ್ಲಿ ಹಿಂದೆ ಬರಬೇಕಾದ ಅವಸ್ಥೆ. ಪಂಕ್ತಿಯಲ್ಲಿ ಕುಳಿತಾಗ ಸಾರು ಚೆಲ್ಲೀತೆಂಬ ನಾಚಿಕೆಯಿಂದ ಮದುವೆಯ ಊಟಕ್ಕೇ ಹೋಗದೆ ಉಳಿಯುವವರೂ ಇದ್ದಾರೆ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇಷ್ಟೇ. ಮದ್ದಿನಿಂದ ಬಂದ ನಡುಕವನ್ನು ಬಹುಮಟ್ಟಿಗೆ ತಗ್ಗಿಸಬಹುದು. ಎಷ್ಟೋ ವೇಳೆ ಪೂರ್ತಿ ನಿಲ್ಲಿಸಲೂ ಬಹುದು. ಆದರೆ ಅದಕ್ಕೆ ದಾರಿ ಮದ್ದನ್ನು ತಾವಾಗಿ ಬಿಡುವುದಲ್ಲ. ಅದರ ಮೇಲೆ ಇನ್ನೊಂದು ಮದ್ದನ್ನು ಹೇರುವುದೂ ಅಲ್ಲ. ಯಾವ ಮದ್ದು, ಎಂದಿನಿಂದ, ಎಷ್ಟು ಎಂಬುದನ್ನು ಬರೆದಿಟ್ಟುಕೊಂಡು ಡಾಕ್ಟರರಿಗೆ ಸ್ಪಷ್ಟವಾಗಿ ಹೇಳುವುದೇ ಅದರ ದಾರಿ.

ನಡುಕದಲ್ಲಿ ಎರಡು ಬಗೆ

ಸ್ವಲ್ಪವೂ ನಡುಗದ ಕೈ ಲೋಕದಲ್ಲಿಲ್ಲ. ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಬಾರಿ, ಕಣ್ಣಿಗೆ ಕಾಣದಷ್ಟು ಸಣ್ಣಗೆ ಅದುರುತ್ತಿರುತ್ತದೆ. ಹೆದರಿಕೆ, ನಿದ್ದೆಗೇಡು, ಹಸಿವು, ಲೆಕ್ಕ ಮೀರಿದ ಕಾಫಿ ಇವು ಆ ಅದುರನ್ನು ಹಿಗ್ಗಿಸುತ್ತವೆ. ಕೆಲವು ಮದ್ದುಗಳು ಮಾಡುವುದೂ ಇದನ್ನೇ. ಕೈ ಚಾಚಿದಾಗ, ಲೋಟ ಎತ್ತಿದಾಗ, ಸೂಜಿಗೆ ನೂಲು ಪೋಣಿಸುವಾಗ ಈ ನಡುಕ ಕಾಣಿಸುತ್ತದೆ. ಕೈಯನ್ನು ಮಡಿಲಲ್ಲಿಟ್ಟು ಕುಳಿತರೆ ನಿಲ್ಲುತ್ತದೆ. ಇದು ಮೊದಲನೆಯ ಬಗೆ.

ಎರಡನೆಯದು ಇದಕ್ಕೆ ತದ್ವಿರುದ್ಧ. ಕೈ ಸುಮ್ಮನೆ ಮಡಿಲಲ್ಲಿರುವಾಗಲೇ ಸೆಕೆಂಡಿಗೆ ನಾಲ್ಕಾರು ಬಾರಿ ನಿಧಾನವಾಗಿ ನಡುಗುತ್ತದೆ. ಜತೆಗೆ ನಡಿಗೆ ನಿಧಾನವಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಮೈ ಬಿಗಿಯುತ್ತದೆ, ಮುಖದಲ್ಲಿ ನಗು ಅಳು ಕಾಣುವುದು ಕಡಿಮೆಯಾಗುತ್ತದೆ, ಅಕ್ಷರ ಬರೆಯುತ್ತ ಹೋದಂತೆ ಕಿರಿದಾಗುತ್ತದೆ. ಇದು ಕಂಪವಾತದ, ಎಂದರೆ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣ. ಮಿದುಳಿನಲ್ಲಿ ಡೋಪಮಿನ್ ಎಂಬ ರಸ ಕಡಿಮೆಯಾದಾಗ ಆ ಕಾಯಿಲೆ ಬರುತ್ತದೆ. ಕೆಲವು ಮದ್ದುಗಳು ಡೋಪಮಿನ್ ಕೆಲಸ ಮಾಡುವ ಜಾಗಕ್ಕೆ ಅಡ್ಡ ಕುಳಿತು, ಕಾಯಿಲೆಯಿಲ್ಲದವರಲ್ಲೂ ಅದೇ ಲಕ್ಷಣಗಳನ್ನು ತರುತ್ತವೆ.

ಇವುಗಳಲ್ಲಿ ಯಾವುದೆಂದು ತಿಳಿಯಲು ಮನೆಯಲ್ಲೇ ಸುಲಭ ಉಪಾಯವಿದೆ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಬೆರಳುಗಳ ಮೇಲೆ ಒಂದು ತೆಳು ಕಾಗದವಿಟ್ಟು ನೋಡಿ. ಸಣ್ಣ ನಡುಕವೂ ಕಾಗದದ ಅಂಚಿನಲ್ಲಿ ಕಾಣುತ್ತದೆ. ಆಮೇಲೆ ಕೈಗಳನ್ನು ತೊಡೆಯ ಮೇಲೆ ಸಡಿಲವಾಗಿಟ್ಟು, ನೂರರಿಂದ ಹಿಂದಕ್ಕೆ ಎಣಿಸುತ್ತ ಒಂದು ನಿಮಿಷ ಕುಳಿತುಕೊಳ್ಳಿ. ಮನೆಯವರು ಯಾರಾದರೂ ಕೈಯನ್ನು ನೋಡುತ್ತಿರಲಿ. ಒಂದು ಹಾಳೆಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಬರೆದು, ಅದರ ಕೆಳಗೆ ಒಂದು ವಾಕ್ಯ ಬರೆದು ತಾರೀಕು ಹಾಕಿಡಿ. ವಾರಕ್ಕೊಮ್ಮೆ ಹೀಗೆ ಮಾಡಿದರೆ ನಡುಕ ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದಕ್ಕೆ ಬಾಯಿಮಾತಿಗಿಂತ ಗಟ್ಟಿಯಾದ ಸಾಕ್ಷಿ ಸಿಗುತ್ತದೆ.

ಉಬ್ಬಸದ ಮದ್ದು

ಮೊದಲನೆಯ ಬಗೆಯ ನಡುಕಕ್ಕೆ ನಮ್ಮ ಕಡೆ ಬಹಳ ಸಾಮಾನ್ಯ ಕಾರಣ ಉಬ್ಬಸದ ಮದ್ದಾದ ಸಾಲ್ಬುಟಮಾಲ್. ಇದು ಶ್ವಾಸನಾಳವನ್ನು ಸಡಿಲಿಸುವಂತೆಯೇ ಕೈಯ ಮಾಂಸಖಂಡಗಳನ್ನೂ ಕೆರಳಿಸುತ್ತದೆ, ಎದೆ ಡವಗುಟ್ಟುತ್ತದೆ. ಇಲ್ಲಿ ಒಂದು ಲೆಕ್ಕವನ್ನು ಓದುಗರು ಗಮನಿಸಬೇಕು. ಸೇದುವ ಪಂಪಿನ ಒಂದು ಒತ್ತಿನಲ್ಲಿ ಬರುವುದು 100 ಮೈಕ್ರೋಗ್ರಾಂ ಮದ್ದು. ಒಂದು 4 ಮಿಲಿಗ್ರಾಂ ಮಾತ್ರೆಯಲ್ಲಿರುವುದು 4000 ಮೈಕ್ರೋಗ್ರಾಂ, ಅಂದರೆ ಪಂಪಿನ ನಲವತ್ತು ಒತ್ತಿಗೆ ಸಮ. ಪಂಪು ಹಿಡಿಸಿದರೆ ಅಭ್ಯಾಸವಾಗಿಬಿಡುತ್ತದೆಂದು ಹೆದರಿ ಮಾತ್ರೆಯನ್ನೋ ಸಿರಪ್ಪನ್ನೋ ನುಂಗುವವರು ಹೆಚ್ಚು ನಡುಗುವುದು ಇದಕ್ಕಾಗಿಯೇ. ಸೇದಿದ ಮದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ನುಂಗಿದ್ದು ಇಡೀ ಮೈಗೆ ಹರಡುತ್ತದೆ. ಪಂಪಿಗೆ ಸ್ಪೇಸರ್ ಎಂಬ ಕೊಳವೆ ಜೋಡಿಸಿ ಸೇದಿ, ಬಾಯಿ ಮುಕ್ಕಳಿಸಿ ಉಗುಳಿದರೆ ಗಂಟಲಿನಲ್ಲಿ ಉಳಿದು ಹೊಟ್ಟೆಗೆ ಇಳಿಯುವ ಭಾಗ ಇನ್ನೂ ಕಡಿಮೆ.

ಈ ನಡುಕ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಆದರೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಈ ಪಂಪು ಬೇಕಾಗುತ್ತಿದ್ದರೆ ಉಬ್ಬಸವೇ ಹತೋಟಿಯಲ್ಲಿಲ್ಲವೆಂದು ಅರ್ಥ. ದಿನವೂ ಸೇದಬೇಕಾದ ತಡೆಮದ್ದನ್ನು ಡಾಕ್ಟರರು ಸೂಚಿಸಬೇಕಾಗುತ್ತದೆ. ಉಬ್ಬಸದ ಇನ್ನೊಂದು ಹಳೆಯ ಮದ್ದು ಥಿಯೋಫಿಲಿನ್. ಇದನ್ನು ತೆಗೆದುಕೊಳ್ಳುತ್ತಿರುವವರು ಬೇರೆ ಕಾಯಿಲೆಗೆ ಸಿಪ್ರೋಫ್ಲೋಕ್ಸಸಿನ್ ಅಥವಾ ಎರಿತ್ರೋಮೈಸಿನ್ ತೆಗೆದುಕೊಂಡರೆ ರಕ್ತದಲ್ಲಿ ಥಿಯೋಫಿಲಿನ್ ಏರಿ ನಡುಕ, ವಾಂತಿ, ಎದೆಬಡಿತ ಶುರುವಾಗಬಹುದು.

ಸಕ್ಕರೆ ಇಳಿದಾಗಿನ ನಡುಕ

ಸಕ್ಕರೆ ಕಾಯಿಲೆಯವರ ನಡುಕದ ಸಂಗತಿಯೇ ಬೇರೆ. ಇನ್ಸುಲಿನ್ ಚುಚ್ಚಿಕೊಂಡು ಅಥವಾ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆ ನುಂಗಿ ಊಟ ತಡಮಾಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಕೈ ನಡುಗುತ್ತದೆ, ಬೆವರುತ್ತದೆ, ಹಸಿವಾಗುತ್ತದೆ, ಕಣ್ಣು ಮಂಜಾಗುತ್ತದೆ. ಏಕಾದಶಿಯ ಉಪವಾಸ, ರಂಜಾನಿನ ವ್ರತ, ತೋಟದಲ್ಲಿ ಮಧ್ಯಾಹ್ನ ಮೀರಿದ ಕೆಲಸ ಇವೆಲ್ಲ ಇದಕ್ಕೆ ಎಡೆಮಾಡುವ ಸಂದರ್ಭಗಳು. ಆಗ ಮೀಟರು ಹುಡುಕುತ್ತ ಕೂರದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಇನ್ನೊಮ್ಮೆ ಕುಡಿದು, ಬಳಿಕ ಗಂಜಿಯನ್ನೋ ಅನ್ನವನ್ನೋ ಉಣ್ಣಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಂತಹ ನಡುಕ ಮತ್ತೆ ಮತ್ತೆ ಬಂದರೆ ಮದ್ದಿನ ಪ್ರಮಾಣವನ್ನು ಇಳಿಸಬೇಕೆಂಬ ಸೂಚನೆ ಅದು. ‘ಸಕ್ಕರೆ ಮುಟ್ಟಬಾರದು’ ಎಂಬ ಪಥ್ಯವನ್ನು ಆ ಗಳಿಗೆಯಲ್ಲಿ ಹಿಡಿದು ಕೂತರೆ ಪ್ರಾಣಕ್ಕೆ ಸಂಚಕಾರ.

ಮನಸ್ಸಿನ ಕಾಯಿಲೆ, ಫಿಟ್ಸು

ಮನಸ್ಸಿನ ಏರಿಳಿತದ ಕಾಯಿಲೆಗೆ ಲಿಥಿಯಂ ಅಮೂಲ್ಯವಾದ ಮದ್ದು. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಅದರ ಗುಣವನ್ನು ತೋರಿಸಿಕೊಟ್ಟರು. ಅದನ್ನು ಸೇವಿಸುವ ಹಲವರ ಬೆರಳು ಸಣ್ಣಗೆ ನಡುಗುತ್ತದೆ. ಅಷ್ಟಕ್ಕೆ ಗಾಬರಿ ಬೇಡ. ಆದರೆ ಲಿಥಿಯಮ್ಮಿಗೆ ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಕಡಿಮೆ. ರಕ್ತದಲ್ಲಿ ಸಾಮಾನ್ಯವಾಗಿ 0.6ರಿಂದ 1.0ರೊಳಗೆ ಇರಬೇಕಾದುದು 1.5 ದಾಟಿದರೆ ಅಪಾಯ. ಬೇಸಿಗೆಯಲ್ಲಿ ಬೆವರಿ ನೀರು ಕುಡಿಯದಿದ್ದರೆ, ವಾಂತಿಭೇದಿಯಾದರೆ, ಉಪ್ಪನ್ನು ಹಠಾತ್ತನೆ ಬಿಟ್ಟರೆ ಅದು ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳಿಂದಲೂ, ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಆದ್ದರಿಂದ ಲಿಥಿಯಂ ತೆಗೆದುಕೊಳ್ಳುವವರು ಯಾವ ಡಾಕ್ಟರರ ಬಳಿ ಹೋದರೂ ಮೊದಲು ಆ ಹೆಸರನ್ನು ಹೇಳಬೇಕು. ಕಾಫಿಯನ್ನು ಸಹ ಒಮ್ಮೆಲೇ ಬಿಡಬಾರದು. ಬಿಟ್ಟರೆ ಲಿಥಿಯಂ ಮೈಯಿಂದ ಹೊರಹೋಗುವುದು ಕಡಿಮೆಯಾಗಿ ನಡುಕ ಏರುವುದುಂಟು.

ಫಿಟ್ಸಿಗೆ ಕೊಡುವ ವಾಲ್ಪ್ರೊಯೇಟ್ ಪ್ರಮಾಣಕ್ಕೆ ತಕ್ಕಂತೆ ನಡುಗಿಸುತ್ತದೆ. ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸಿದರೆ ಕೆಲವರಿಗೆ ಕಡಿಮೆಯಾಗುತ್ತದೆ. ಖಿನ್ನತೆಯ ಮದ್ದುಗಳು, ಹೆಚ್ಚಾದ ಥೈರಾಯ್ಡ್ ಮಾತ್ರೆ, ಹೃದಯಕ್ಕೆ ಕೊಡುವ ಅಮಿಯೋಡರೋನ್, ಮೂತ್ರಪಿಂಡ ಬದಲಾಯಿಸಿದವರಿಗೆ ಕೊಡುವ ಟ್ಯಾಕ್ರೋಲಿಮಸ್ ಇವೂ ನಡುಗಿಸುವ ಮದ್ದುಗಳೇ.

ಹೊಟ್ಟೆಗೆ ಮದ್ದು, ಕೈಗೆ ನಡುಕ

ಎರಡನೆಯ ಬಗೆಯ ನಡುಕ, ಎಂದರೆ ಕಂಪವಾತದಂತೆ ಕಾಣುವುದು, ಮದ್ದಿನಿಂದ ಬರುತ್ತದೆಂದು ವೈದ್ಯಲೋಕಕ್ಕೆ ತಿಳಿದ ಕಥೆಯಲ್ಲಿ ನಮ್ಮ ಕಾಡಿನ ಗಿಡವೊಂದಕ್ಕೂ ಪಾತ್ರವಿದೆ. ಸರ್ಪಗಂಧಿಯ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದ ಮೇಲೆ ಲೋಕವೇ ಅದರತ್ತ ನೋಡಿತು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸಾರ ಬೇರ್ಪಟ್ಟಿತು. ಅದೇ ವರ್ಷ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜಿನ್ ಮಾನಸಿಕ ರೋಗಿಗಳಿಗೆ ಬಳಕೆಗೆ ಬಂತು. ಈ ಎರಡು ಮದ್ದು ತೆಗೆದುಕೊಂಡವರಲ್ಲಿ ಕೆಲವರಿಗೆ ಕಂಪವಾತದ ಲಕ್ಷಣ ಕಾಣಿಸಿಕೊಂಡಿತು. ರಿಸರ್ಪಿನ್ ಕೊಟ್ಟ ಪ್ರಾಣಿಗಳ ಮಿದುಳಿನಲ್ಲಿ ಡೋಪಮಿನ್ ಬರಿದಾಗುವುದನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ತೋರಿಸಿದರು. ಡೋಪಮಿನ್ನಿನ ಕುರಿತ ಈ ಸಂಶೋಧನೆಗೆ 2000ದಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ರಿಸರ್ಪಿನ್ ಈಗ ಹಿಂದೆ ಸರಿದಿದೆ. ಆದರೆ ಡೋಪಮಿನ್ನಿಗೆ ಅಡ್ಡ ಬರುವ ಬೇರೆ ಮದ್ದುಗಳು ನಮ್ಮ ಮನೆಗಳಲ್ಲಿವೆ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಮುಂತಾದ ಮಾನಸಿಕ ಕಾಯಿಲೆಯ ಮದ್ದುಗಳು ಹೀಗೆ ಮಾಡುತ್ತವೆಂದು ಡಾಕ್ಟರರೇ ಮೊದಲು ಹೇಳಿರುತ್ತಾರೆ. ಯಾರೂ ಸಂಶಯಪಡದವು ಬೇರೆಯೇ ಇವೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್. ಗ್ಯಾಸ್ಟ್ರಿಕ್ಕಿನ ಮಾತ್ರೆಯೊಳಗೆ ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜತೆ ಸೇರಿಕೊಂಡು ಬರುವ ಲೆವೊಸಲ್ಪಿರೈಡ್. ತಲೆತಿರುಗಿಗೆ ಕೊಡುವ ಸಿನ್ನರಿಜಿನ್ ಮತ್ತು ಪ್ರೊಕ್ಲೋರ್‌ಪೆರಜಿನ್. ಅರೆತಲೆನೋವಿಗೆ ಕೊಡುವ ಫ್ಲೂನರಿಜಿನ್. ಈ ಹೆಸರುಗಳನ್ನು ಓದುಗರು ಕತ್ತರಿಸಿಟ್ಟುಕೊಂಡರೂ ನಷ್ಟವಿಲ್ಲ.

ಇವು ಕೆಟ್ಟ ಮದ್ದುಗಳೆಂದು ನಾವು ಹೇಳುತ್ತಿಲ್ಲ. ನಾಲ್ಕು ದಿನದ ವಾಂತಿಗೆ, ಒಂದು ವಾರದ ತಲೆತಿರುಗಿಗೆ ಅವು ಉಪಕಾರಿ. ಕಷ್ಟ ಬರುವುದು ಅವು ವರ್ಷಗಟ್ಟಳೆ ನಿಲ್ಲದೆ ನಡೆದಾಗ. ಮೆಟೊಕ್ಲೊಪ್ರಮೈಡನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಕೊಡಬಾರದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಸೂಚಿಸಿದೆ. ನಮ್ಮಲ್ಲಾದರೆ ಒಮ್ಮೆ ಗುಣಕೊಟ್ಟ ಗ್ಯಾಸ್ಟ್ರಿಕ್ಕಿನ ಮಾತ್ರೆಯ ಖಾಲಿ ಸ್ಟ್ರಿಪ್ ತೋರಿಸಿ ಮದ್ದಿನಂಗಡಿಯಿಂದ ತಿಂಗಳು ತಿಂಗಳೂ ತರಿಸುವುದು ವಾಡಿಕೆಯಾಗಿಬಿಟ್ಟಿದೆ. ವೃದ್ಧರು ಮತ್ತು ಹೆಂಗಸರು ಈ ಬಗೆಯ ನಡುಕಕ್ಕೆ ಬೇಗ ಗುರಿಯಾಗುತ್ತಾರೆ.

ಚೀಟಿಯ ಮೇಲೆ ಚೀಟಿ

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜಿಗೆ ಹೊಟ್ಟೆಯುಬ್ಬರ, ಊರಿನ ಡಾಕ್ಟರರು ಲೆವೊಸಲ್ಪಿರೈಡ್ ಇರುವ ಮಾತ್ರೆ ಬರೆದರು. ಹದಿನೈದು ದಿನಕ್ಕೆಂದು ಬರೆದದ್ದು ಆರು ತಿಂಗಳು ನಡೆಯಿತು. ಕೈ ನಡುಗತೊಡಗಿತು, ನಡಿಗೆ ನಿಧಾನವಾಯಿತು. ಮಗ ಮಂಗಳೂರಿಗೆ ಕರೆದೊಯ್ದ. ಹೊಟ್ಟೆಯ ಮಾತ್ರೆಯ ಮಾತು ಅಲ್ಲಿ ಬರಲೇ ಇಲ್ಲ, ಯಾಕೆಂದರೆ ಅದನ್ನು ಯಾರೂ ಮದ್ದೆಂದು ಎಣಿಸಿರಲಿಲ್ಲ. ಅಲ್ಲಿ ಕಂಪವಾತದ ಮಾತ್ರೆ ಶುರುವಾಯಿತು. ಅದರಿಂದ ಓಕರಿಕೆ ಬಂತು. ಓಕರಿಕೆಗೆ ಊರಿನಲ್ಲಿ ಮೆಟೊಕ್ಲೊಪ್ರಮೈಡ್ ಸಿಕ್ಕಿತು. ನಡುಕ ಇನ್ನಷ್ಟು ಏರಿತು. ಇಲ್ಲಿ ಯಾವ ಡಾಕ್ಟರರೂ ಬೇಜವಾಬ್ದಾರಿ ತೋರಿಸಿಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಸಣ್ಣ ಕಾಯಿಲೆಗೆ ಇಲ್ಲಿ, ದೊಡ್ಡ ಕಾಯಿಲೆಗೆ ತಲಪಾಡಿ ದಾಟಿ ಅಲ್ಲಿ ಎಂಬ ಅಭ್ಯಾಸವಿರುವ ನಮ್ಮ ಗಡಿನಾಡಿನ ಮನೆಗಳಲ್ಲಿ ಹೀಗಾಗುವುದು ಸುಲಭ.

ನಾಟಿಮದ್ದಿನ ಬಗೆಗೂ ಒಂದು ಮಾತು. ನಸುಗುನ್ನಿಯ ಬೀಜದಲ್ಲಿ ಎಲ್-ಡೋಪಾ ಇದೆಯೆಂಬುದು ನಿಜ. 1937ರಲ್ಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು. ಕಂಪವಾತಕ್ಕೆ ಅದು ಮದ್ದಾಗುತ್ತದೆಂಬ ಕೀರ್ತಿ ಬಂದಿರುವುದು ಅದರಿಂದಲೇ. ಆದರೆ ಡೋಪಮಿನ್ನಿನ ಬಾಗಿಲಿಗೆ ಮಾತ್ರೆಯೊಂದು ಅಡ್ಡ ಕುಳಿತಿರುವಾಗ ಹೊರಗಿನಿಂದ ಎಷ್ಟು ಡೋಪಮಿನ್ ತಂದು ಸುರಿದರೂ ಹೆಚ್ಚು ಪ್ರಯೋಜನವಿಲ್ಲ. ಅಡ್ಡ ಕುಳಿತದ್ದನ್ನು ಎಬ್ಬಿಸಬೇಕು. ಕಾರಣವಾದ ಮದ್ದನ್ನು ಡಾಕ್ಟರರು ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಈ ನಡುಕ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಇಳಿಯುತ್ತದೆ. ಹಾಗೂ ಉಳಿದರೆ ಒಳಗೆ ನಿಜವಾದ ಪಾರ್ಕಿನ್ಸನ್ ಕಾಯಿಲೆ ಇದೆಯೇ ಎಂದು ನರರೋಗ ತಜ್ಞರು ನೋಡಬೇಕಾಗುತ್ತದೆ.

ತಾವಾಗಿ ಬಿಡಬಾರದು, ಯಾಕೆ?

ಇಷ್ಟು ಓದಿದವರಿಗೆ ನಾಳೆಯೇ ಮಾತ್ರೆಯನ್ನು ತೋಡಿಗೆ ಎಸೆಯೋಣ ಅನ್ನಿಸಬಹುದು. ಅದು ಅಪಾಯ. ಫಿಟ್ಸಿನ ಮದ್ದನ್ನು ಹಠಾತ್ತನೆ ಬಿಟ್ಟರೆ ನಿಲ್ಲದ ಫಿಟ್ಸು ಬರಬಹುದು. ಲಿಥಿಯಂ ಬಿಟ್ಟರೆ ಹತೋಟಿಗೆ ಬಂದಿದ್ದ ಕಾಯಿಲೆ ಮರಳುತ್ತದೆ. ಕೈ ನಡುಗುವುದಕ್ಕಿಂತ ಅದು ಎಷ್ಟೋ ಪಾಲು ದೊಡ್ಡ ಕಷ್ಟ. ಟ್ಯಾಕ್ರೋಲಿಮಸ್ ಬಿಟ್ಟರೆ ಜೋಡಿಸಿದ ಮೂತ್ರಪಿಂಡವೇ ಕೆಡಬಹುದು. ಇನ್ನು ಕೆಲವು ಮದ್ದುಗಳನ್ನು ಬಿಟ್ಟರೇ ನಡುಕ ಶುರು. ನಿದ್ದೆಗೆ, ಆತಂಕಕ್ಕೆ ಕೊಡುವ ಅಲ್ಪ್ರಜೋಲಾಂ, ಕ್ಲೊನಜೆಪಾಂ ಇಂಥವು. ಬಹುಕಾಲದ ಕುಡಿತವನ್ನು ಒಮ್ಮೆಲೇ ಬಿಟ್ಟಾಗಲೂ ಹೀಗೆಯೇ. ಅಂಥವರು ಆಸ್ಪತ್ರೆಯ ನೆರವಿನಿಂದಲೇ ಬಿಡಬೇಕು.

2020ರ ಮಾರ್ಚಿನಲ್ಲಿ ಕೊರೋನದಿಂದಾಗಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಹಠಾತ್ತನೆ ನಿಲ್ಲಿಸಬಾರದ ಮದ್ದು ತೆಗೆದುಕೊಳ್ಳುವವರು ಒಂದು ತಿಂಗಳಿಗಾಗುವಷ್ಟನ್ನು ಮುಂಚಿತವಾಗಿ ಇಟ್ಟುಕೊಳ್ಳುವುದು, ಚೀಟಿಯ ಪ್ರತಿಯೊಂದನ್ನು ಊರಿನ ಡಾಕ್ಟರರಲ್ಲೂ ಕೊಟ್ಟಿರುವುದು ಮೇಲು.

ಡಾಕ್ಟರರ ಕೈಯಲ್ಲಿರುವ ಉಪಾಯಗಳು

ನಡುಕದ ಕಾರಣ ಮದ್ದೆಂದು ತಿಳಿದರೆ ಡಾಕ್ಟರರಿಗೆ ದಾರಿಗಳು ಹಲವಿವೆ. ಪ್ರಮಾಣ ಇಳಿಸಬಹುದು. ದಿನಕ್ಕೆ ಮೂರು ಸಲದ್ದನ್ನು ನಿಧಾನವಾಗಿ ಕರಗುವ ಒಂದೇ ಮಾತ್ರೆಯಾಗಿಸಬಹುದು. ಲಿಥಿಯಮ್ಮಿನಂಥ ಕೆಲವನ್ನು ರಾತ್ರಿಗೆ ಬದಲಾಯಿಸಿದರೆ ನಡುಕದ ಹೊತ್ತು ನಿದ್ದೆಯಲ್ಲೇ ಕಳೆಯುತ್ತದೆ. ಅದೇ ಕೆಲಸ ಮಾಡುವ, ಆದರೆ ಕಡಿಮೆ ನಡುಗಿಸುವ ಬೇರೆ ಮದ್ದಿಗೆ ಹೋಗಬಹುದು. ಥೈರಾಯ್ಡಿನವರಿಗೆ ರಕ್ತಪರೀಕ್ಷೆ ಮಾಡಿಸಿ ಮಾತ್ರೆಯ ಅಳತೆ ಸರಿಪಡಿಸಿದರೆ ಸಾಕಾಗಬಹುದು.

ಯಾವುದೂ ಸಾಗದಿದ್ದಾಗ ಮಾತ್ರ ನಡುಕಕ್ಕೆಂದೇ ಮದ್ದು. ಲಿಥಿಯಂ, ವಾಲ್ಪ್ರೊಯೇಟುಗಳ ನಡುಕಕ್ಕೆ ಪ್ರೊಪ್ರನೊಲಾಲ್ ಕೊಡುವುದುಂಟು. ಆದರೆ ಉಬ್ಬಸದವರಿಗೆ ಅದು ಉಸಿರನ್ನೇ ಕಟ್ಟಿಸಬಹುದು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದ ಸೂಚನೆಯಾದ ನಡುಕವನ್ನೇ ಮುಚ್ಚಿಬಿಡುತ್ತದೆ. ಮಾನಸಿಕ ಕಾಯಿಲೆಯ ಮದ್ದಿನ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಕೊಡುತ್ತಾರೆ. ವೃದ್ಧರಲ್ಲಿ ಅದು ಬಾಯಿ ಒಣಗಿಸಿ, ಮಲಮೂತ್ರ ಕಟ್ಟಿಸಿ, ಮರೆವು ತರಬಹುದು. ನೆರೆಮನೆಯವರಿಗೆ ಗುಣಕೊಟ್ಟಿತೆಂದು ಇವನ್ನು ಕೇಳಿ ತಂದು ನುಂಗಬಾರದೆಂದು ನಾವು ಒತ್ತಿ ಹೇಳುವುದು ಇದಕ್ಕೇ.

ಮನೆಯಲ್ಲಿ ಮಾಡಬಹುದಾದುದು

ಮದ್ದು ಬದಲಾಗಿ ನಡುಕ ಇಳಿಯುವವರೆಗೆ, ಅಥವಾ ಮದ್ದು ಅನಿವಾರ್ಯವಾಗಿ ನಡುಕ ಸ್ವಲ್ಪ ಉಳಿದೇ ಉಳಿದಾಗ, ದಿನ ಸಾಗಬೇಕಲ್ಲ. ಲೋಟವನ್ನು ಅರ್ಧ ಮಾತ್ರ ತುಂಬಿಸಿ. ಹಗುರವಾದ ಪ್ಲಾಸ್ಟಿಕ್ ಲೋಟಕ್ಕಿಂತ ತೂಕದ ಹಿತ್ತಾಳೆಯದೋ ಸ್ಟೀಲಿನದೋ ಕೆಲವರ ಕೈಗೆ ಒದಗುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಅಥವಾ ಮೇಜಿನ ಮೇಲೆ ಊರಿ, ಎರಡೂ ಕೈಯಿಂದ ಲೋಟವನ್ನು ಬಾಯಿಗೆ ತಂದರೆ ಚೆಲ್ಲುವುದು ಕಡಿಮೆ. ಅನ್ನವನ್ನು ತಟ್ಟೆಗಿಂತ ಅಂಚು ಎತ್ತರವಿರುವ ಬಟ್ಟಲಿನಲ್ಲಿ ಬಡಿಸಿ. ಬರೆಯುವ ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಬ್ಯಾಂಕಿನಲ್ಲಿ ಸಹಿ ಬದಲಾಗಿದೆಯೆಂದು ತಿಳಿಸಿ ಹೊಸ ಮಾದರಿ ಕೊಡಲು, ಬೇಕಾದರೆ ಹೆಬ್ಬೆಟ್ಟಿನ ಗುರುತು ಒಪ್ಪಿಸಲು ಅವಕಾಶವಿದೆ, ಅದಕ್ಕೆ ನಾಚಬೇಕಾಗಿಲ್ಲ.

ಕಾಫಿ, ಚಾ ದಿನಕ್ಕೆ ನಾಲ್ಕೈದು ಆಗುತ್ತಿದ್ದರೆ ನಿಧಾನವಾಗಿ ಒಂದೆರಡಕ್ಕೆ ಇಳಿಸಿ. ಊಟದ ಹೊತ್ತು ತಪ್ಪಿಸಬೇಡಿ, ನಿದ್ದೆಗೆಡಬೇಡಿ. ರಾತ್ರಿಯಿಡೀ ಆಟ ನೋಡಿ ಬಂದ ಮರುದಿನ ನಡುಕ ಹೆಚ್ಚು ಕಂಡರೆ ಆಶ್ಚರ್ಯವಿಲ್ಲ. ನಡುಕ ನಿಲ್ಲಿಸಲು ಒಂದು ಗುಟುಕು ಹಾಕುವವರಿದ್ದಾರೆ. ಗಳಿಗೆಯ ಮಟ್ಟಿಗೆ ನಿಂತರೂ ಇಳಿದ ಮೇಲೆ ಇಮ್ಮಡಿ ಬರುತ್ತದೆ, ಹಲವು ಮದ್ದುಗಳೊಡನೆ ಅದು ವಿಷವೂ ಹೌದು. ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುವುದು, ಬಾವಿಯಿಂದ ನೀರೆಳೆಯುವುದು, ಬಿಸಿ ಎಣ್ಣೆಯ ಕೆಲಸ, ಅಡಿಕೆ ಮರ ಹತ್ತುವುದು ಇವನ್ನು ನಡುಕವಿರುವಷ್ಟು ದಿನ ಬೇರೆಯವರಿಗೆ ಬಿಡಬೇಕು. ಮನೆಯವರು ‘ಯಾಕೆ ನಡುಗುತ್ತೀ’ ಎಂದು ಹತ್ತು ಜನರೆದುರು ಕೇಳದಿರುವುದೂ ಒಂದು ಶುಶ್ರೂಷೆಯೇ. ಎಲ್ಲರ ಕಣ್ಣು ಕೈಯ ಮೇಲೆ ಬಿದ್ದೊಡನೆ ನಡುಕ ಹೆಚ್ಚುತ್ತದೆ.

ತಡಮಾಡಬಾರದ ಲಕ್ಷಣಗಳು

ಲಿಥಿಯಂ ತೆಗೆದುಕೊಳ್ಳುವವರಲ್ಲಿ ಸಣ್ಣ ನಡುಕ ದೊಡ್ಡದಾಗಿ, ವಾಂತಿಭೇದಿ, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮಾನಸಿಕ ಕಾಯಿಲೆಯ ಮದ್ದು ತೆಗೆದುಕೊಳ್ಳುವವರಿಗೆ ಜೋರಾದ ಜ್ವರ ಬಂದು ಮೈ ಮರದಂತೆ ಬಿಗಿದರೆ, ಖಿನ್ನತೆಯ ಮದ್ದಿನೊಡನೆ ಟ್ರಮಡಾಲಿನಂಥ ನೋವಿನ ಮದ್ದು ಸೇರಿ ಜ್ವರ, ಬೆವರು, ಚಡಪಡಿಕೆಯೊಡನೆ ನಡುಕ ಬಂದರೆ ಅದೇ ದಿನ ತೋರಿಸಬೇಕು. ಒಂದೇ ಬದಿಯ ಕೈಕಾಲು ಹಠಾತ್ತನೆ ಸೋತರೆ ಅದು ಮದ್ದಿನ ನಡುಕವಲ್ಲ, ಪಕ್ಷಾಘಾತ ಇರಬಹುದು. ಗಂಟೆಗಳ ಲೆಕ್ಕ ಅದು.

ಹೇಳುವ ಭಾಷೆ

ನಮ್ಮ ಓದುಗರಿಗೆ ಇನ್ನೊಂದು ತೊಡಕಿದೆ. ಡಾಕ್ಟರರು ಕೇಳುವುದು ಮಲಯಾಳದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ, ರೋಗಿ ಅನುಭವಿಸುವುದು ಕನ್ನಡದಲ್ಲಿಯೋ ತುಳುವಿನಲ್ಲಿಯೋ. ಮಲಯಾಳದ ‘ವಿರಯಲ್’ ಎಂಬ ಮಾತು ಕೈ ನಡುಕಕ್ಕೂ ಸಲ್ಲುತ್ತದೆ, ಚಳಿಜ್ವರದ ನಡುಕಕ್ಕೂ ಸಲ್ಲುತ್ತದೆ. ಬರೇ ‘ವಿರಯಲ್’ ಎಂದರೆ ಜ್ವರದ ಮದ್ದು ಸಿಕ್ಕಿದರೂ ಸಿಕ್ಕೀತು. ‘ಮರುನ್ನು ತುಡಙ್ಙಿಯದಿನು ಶೇಷಮಾಣು ಕೈ ವಿರಯ್ಕಾನ್ ತುಡಙ್ಙಿಯದು, ಪನಿಯಿಲ್ಲ’ ಎಂದು ಹೇಳಿದರೆ ಮದ್ದು ಶುರುವಾ‌ದ ಮೇಲೆ ಕೈ ನಡುಗತೊಡಗಿತು, ಜ್ವರವಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಮಲಯಾಳ ಬಾರದ ಹಿರಿಯರನ್ನು ಒಬ್ಬರೇ ಕಳುಹಿಸಬೇಡಿ; ಶಾಲೆಗೆ ಹೋಗುವ ಮೊಮ್ಮಗಳಾದರೂ ಜತೆಗಿರಲಿ.

ಬಾಯಿಮಾತಿಗಿಂತ ಕಾಗದ ಮೇಲು. ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಐದು ಸಾಲು ಗೀಚಿ: ಮದ್ದಿನ ಹೆಸರು, ಯಾಕಾಗಿ, ಯಾರು ಬರೆದದ್ದು, ಎಂದಿನಿಂದ, ದಿನಕ್ಕೆ ಎಷ್ಟು. ಆಯುರ್ವೇದದ ಕಷಾಯ, ಹೋಮಿಯೋಪತಿ, ಅಂಗಡಿಯಿಂದ ತಾವಾಗಿ ತಂದ ನೋವಿನ ಮಾತ್ರೆ ಎಲ್ಲವೂ ಅದರಲ್ಲಿರಲಿ. ಸ್ಟ್ರಿಪ್ಪಿನ ಮೇಲೆ ದೊಡ್ಡದಾಗಿ ಕಾಣುವ ಕಂಪೆನಿಯ ಹೆಸರಿನ ಜತೆ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ನಿಜವಾದ ಹೆಸರನ್ನೂ ಬರೆಯಿರಿ. ಕಂಪೆನಿ ಬದಲಾದರೂ ಅದು ಬದಲಾಗುವುದಿಲ್ಲ. ಕೊನೆಯಲ್ಲಿ ನಡುಕ ಶುರುವಾದ ತಾರೀಕು. ಆ ತಾರೀಕಿಗಿಂತ ಎರಡು ಮೂರು ತಿಂಗಳು ಹಿಂದೆ ಯಾವ ಮದ್ದು ಹೊಸದಾಗಿ ಬಂತು ಅಥವಾ ಹೆಚ್ಚಾಯಿತು ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಮದ್ದಿನ ಅಡ್ಡಪರಿಣಾಮಗಳನ್ನು ಕಲೆಹಾಕಲು ಭಾರತ ಸರಕಾರ 2010ರಲ್ಲಿ ಫಾರ್ಮಕೋವಿಜಿಲೆನ್ಸ್ ಎಂಬ ಕಾರ್ಯಕ್ರಮವನ್ನು ಆರಂಭಿಸಿದೆ. ಡಾಕ್ಟರರು ಮಾತ್ರವಲ್ಲ, ರೋಗಿಗಳೂ ಮನೆಯವರೂ ನೇರವಾಗಿ ತಿಳಿಸಬಹುದು. ಉಚಿತ ಫೋನ್ ಸಂಖ್ಯೆ 1800-180-3024. ಸಾರ್ವಜನಿಕರು ತುಂಬಬೇಕಾದ ಫಾರಮು ಕನ್ನಡದಲ್ಲೂ ಇದೆ. ಕನ್ನಡದ ಫಾರಮಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಸಾಕಾಗಿರುವ ನಮ್ಮವರು ಇರುವ ಇದೊಂದನ್ನಾದರೂ ಬಳಸಿಕೊಳ್ಳದಿದ್ದರೆ ಹೇಗೆ?

ಈ ಭಾನುವಾರ ಬಿಡುವು ಮಾಡಿಕೊಂಡು ಮನೆಯ ಹಿರಿಯರ ಮದ್ದಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿಯಿರಿ. ತಾರೀಕು ಮೀರಿದವನ್ನು ಬೇರೆ ಮಾಡಿ. ಉಳಿದವುಗಳ ಪಟ್ಟಿಯನ್ನು ಎರಡು ಪ್ರತಿ ಬರೆದು, ಒಂದನ್ನು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಇನ್ನೊಂದು ಡಾಕ್ಟರರಲ್ಲಿಗೆ ಹೋಗುವ ಕೈಚೀಲದಲ್ಲಿ ಯಾವಾಗಲೂ ಇರಲಿ.